ದರಕಿನಡಿಯ ಉಣುಗು, ಉಣುಗಿನ ಮೇಲಿನ ಬೂಷ್ಟು

ನನ್ನ ಬರೆಯುವ ಮೇಜಿನ ಮೇಲೆ ಒಂದು ಪುಟ್ಟ ಗಾಜಿನ ಬಾಟಲಿ ಇದೆ. ಮೊದಲು ಅದರಲ್ಲಿ ಜೇನುತುಪ್ಪ ಇತ್ತು. ಈಗ ತಳದಲ್ಲಿ ಒದ್ದೆ ಹತ್ತಿ, ಹತ್ತಿಯ ಮೇಲೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಸತ್ತ ಉಣುಗು. ನವರಾತ್ರಿಗೆ ಹದಿನೈದು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡು ಸುತ್ತಿ ಬನಶಂಕರಿಯ ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗ ಅದು ಕಾಲಿನ ಹರಡಿನ ಮೇಲೆ ಕಚ್ಚಿಕೊಂಡಿತ್ತು. ಚಿಮುಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆದು ತೆಗೆದೆ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ತಪ್ಪು. ಹಾಗೆ ಮಾಡಿದರೆ ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ನಮ್ಮ ಗಾಯದೊಳಕ್ಕೇ ಕಾರಬಹುದು.

ಆ ದಿನ ಸಂಜೆ ಊರಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು ಅಮ್ಮನಿಗೆ ಹೇಳಿಬಿಟ್ಟೆ. ಅವಳ ದನಿ ತಟ್ಟನೆ ಬದಲಾಯಿತು. "ತಮಾ, ಮೈಯೆಲ್ಲ ನೋಡ್ಕ್ಯಂಡ್ಯ? ಕಿವಿ ಹಿಂದೆನೂ ನೋಡ್ಕ್ಯ" ಎಂದಳು. ಬೆಂಗಳೂರಿನ ಉಣುಗು ಬೇರೆ, ಇದು ನಾಯಿಗೋ ದನಕ್ಕೋ ಹತ್ತುವ ಜಾತಿ, ತುರಹಳ್ಳಿ ಮಂಗನ ಕಾಯಿಲೆಯ ಸೀಮೆಯಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಹತ್ತು ದಿನ, ದಿನಕ್ಕೊಂದು ಸಲ ಫೋನ್ ಮಾಡಿ ಜ್ವರ ಬಂತೇ ಎಂದು ಕೇಳಿದಳು. ಸಾಗರ ತಾಲ್ಲೂಕಿನ ಕಾಡಂಚಿನ ಮನೆಯಲ್ಲಿ ಅರವತ್ತು ವರ್ಷ ಬಾಳಿದವಳ ಭಯ ಅದು. ಆ ಭಯಕ್ಕೆ ಕಾರಣ ನನಗೂ ಗೊತ್ತು.

ನಾನು ಏಳನೇ ತರಗತಿಯಲ್ಲಿದ್ದೆ. ಮಾಘ ಮಾಸ. ನಮ್ಮ ಕಡೆ ಆಗ ದರಕು ಒಟ್ಟುವ ಕಾಲ. ಸೊಪ್ಪಿನ ಬೆಟ್ಟದಲ್ಲಿ ಮರಗಳು ಎಲೆ ಉದುರಿಸಿ ನೆಲದ ಮೇಲೆ ಮೊಣಕಾಲೆತ್ತರ ತರಗು ಬಿದ್ದಿರುತ್ತದೆ. ಅದನ್ನು ಗುಡಿಸಿ, ಗುಡ್ಡೆ ಮಾಡಿ, ಹಗ್ಗದ ಬಲೆಯಲ್ಲಿ ತುಂಬಿ, ತಲೆಹೊರೆಯಲ್ಲಿ ಮನೆಗೆ ತರಬೇಕು. ಕೊಟ್ಟಿಗೆಗೆ ಹಾಸಿದರೆ ದನದ ಕಾಲಡಿ ತುಳಿದು ಗೊಬ್ಬರವಾಗುತ್ತದೆ. ಆ ಗೊಬ್ಬರ ಅಡಿಕೆ ಮರದ ಬುಡಕ್ಕೆ. ಈ ಕೆಲಸ ಹೆಚ್ಚಾಗಿ ಹೆಂಗಸರದು. ನಮ್ಮ ಅತ್ತೆ ಎರಡು ವಾರ ಬೆಟ್ಟಕ್ಕೆ ಹೋಗಿದ್ದಳು. ಒಂದು ಮಧ್ಯಾಹ್ನ ಹೊರೆ ಇಳಿಸಿ ಜಗಲಿಯ ಮೇಲೆ ಮಲಗಿದವಳು ರಾತ್ರಿ ಊಟಕ್ಕೆ ಏಳಲಿಲ್ಲ. ತಲೆ ಒಡೆಯುವ ನೋವು, ಕೆಂಡದಂಥ ಜ್ವರ, ಕಣ್ಣು ಕೆಂಪು, ಸೊಂಟ-ಮೀನಖಂಡಗಳಲ್ಲಿ ಸುತ್ತಿಗೆ ಹೊಡೆದ ಹಾಗೆ ನೋವು. ಪೇಟೆಯ ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದು ಐದು ದಿನ ಔಷಧ ಕೊಟ್ಟರು. ಆರನೆಯ ದಿನ ವಸಡಿನಲ್ಲಿ ರಕ್ತ ಕಂಡಾಗಲೇ ಮಂಗನ ಕಾಯಿಲೆ ಎಂಬ ಮಾತು ಮನೆಯಲ್ಲಿ ಬಂದದ್ದು. ಅತ್ತೆ ಬದುಕಿದಳು. ಕೂದಲು ಮುಷ್ಟಿ ಮುಷ್ಟಿ ಉದುರಿತು. ಯುಗಾದಿಯವರೆಗೂ ಗೋಡೆ ಹಿಡಿದೇ ನಡೆದಳು. ಅದಾದ ಮೇಲೆ ದರಕಿನ ಹೊರೆ ಮನೆಗೆ ಬಂದಾಗಲೆಲ್ಲ ನಾನು ದೂರ ನಿಲ್ಲುತ್ತಿದ್ದೆ.

ದೊಡ್ಡವನಾಗಿ ಓದಿದ ಮೇಲೆ ತಿಳಿದದ್ದು, ನಾನು ಹೆದರಿದ ಜಾಗ ಸರಿಯಾದದ್ದೇ ಎಂದು. ಉಣುಗಿನ ಮನೆ ದರಕಿನ ಅಡಿ. ಆದರೆ ಅದೇ ದರಕಿನ ಅಡಿಯಲ್ಲಿ ಉಣುಗನ್ನು ಕೊಲ್ಲುವ ಜೀವವೂ ಇದೆ ಎಂಬುದು ಬಹಳ ತಡವಾಗಿ ತಿಳಿಯಿತು. ಈ ಬರಹ ಆ ಎರಡೂ ಜೀವಗಳ ಬಗ್ಗೆ.

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ ಮತ್ತು ಕಪ್ಪು ಮೋರೆಯ ಮುಸಿಯಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜ್ವರ. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಹೋಯಿತು. ಇದೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅಲ್ಲಿದ್ದವರ ಎದೆ ನಡುಗಿದ್ದು ಒಂದೇ ಶಂಕೆಗೆ: ಮಂಗಗಳು ಸಾಯುತ್ತವೆ, ಮನುಷ್ಯರಿಗೆ ರಕ್ತಸ್ರಾವದ ಜ್ವರ ಬರುತ್ತದೆ ಎಂದರೆ ಏಷ್ಯಾಕ್ಕೆ ಎಂದೂ ಕಾಲಿಡದ ಹಳದಿ ಜ್ವರ ಬಂತೇ? ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಮುಂತಾದ ವಿಜ್ಞಾನಿಗಳು ಸೊರಬ, ಸಾಗರಗಳ ಕಾಡಿಗೆ ಬಂದರು. ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್ ಅದು. ಮೊದಲ ವೈರಸ್ ಸಿಕ್ಕಿದ ಕಾಡಿನ ಹೆಸರೇ ಕಾಯಿಲೆಗೆ ಅಂಟಿತು. ಹೀಗೆ ಸೊರಬದ ಒಂದು ಮೂಲೆಯ ಹೆಸರು ಜಗತ್ತಿನ ವೈದ್ಯ ಪುಸ್ತಕಗಳನ್ನೆಲ್ಲ ಸೇರಿತು. ಆ ವೈರಸ್‌ನೊಂದಿಗೆ ಕೆಲಸ ಮಾಡಿದ ಪ್ರಯೋಗಾಲಯದ ಹಲವರಿಗೂ ಸೋಂಕು ತಗುಲಿತ್ತು ಎಂಬುದನ್ನು ಮರೆಯಬಾರದು.

ರಷ್ಯಾದ ನೆಂಟಸ್ತಿಕೆ ಇನ್ನೊಂದು ಪ್ರಶ್ನೆ ಎಬ್ಬಿಸಿತು. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳು ಮೈಮೇಲೆ ಉಣುಗು ಹೊತ್ತು ತಂದವೇ? ಇದನ್ನು ನೋಡಬೇಕೆಂಬ ಒತ್ತಾಸೆಯಿಂದಲೇ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಆರಂಭಿಸಿತು. ವಲಸೆ ಹಕ್ಕಿಗಳ ಬಗ್ಗೆ ನಮಗೆ ಇಂದು ತಿಳಿದಿರುವುದರಲ್ಲಿ ಎಷ್ಟೋ ಭಾಗಕ್ಕೆ ಮಲೆನಾಡಿನ ಈ ಜ್ವರವೇ ಮೂಲ. ಕಾಯಿಲೆ ಮಾತ್ರ ಹೊರಗಿನಿಂದ ಬಂದದ್ದಕ್ಕಿಂತ, ಎಂದಿನಿಂದಲೋ ಈ ಕಾಡಿನಲ್ಲೇ ಸದ್ದಿಲ್ಲದೆ ಇದ್ದದ್ದು ಎಂದೇ ಹೆಚ್ಚು ಜನ ನಂಬುತ್ತಾರೆ.

ಈ ಕಾಡಿನ ಉಣುಗಿಗೆ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂದು ಹೆಸರು. ಅದಕ್ಕೆ ಕಣ್ಣಿಲ್ಲ. ಮುಂಗಾಲಿನ ತುದಿಯ ಒಂದು ಪುಟ್ಟ ಗುಳಿಯಲ್ಲಿ ಅದರ ಮೂಗೂ ಇದೆ, ಬಿಸಿ ಅಳೆಯುವ ಶಕ್ತಿಯೂ ಇದೆ. ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಹತ್ತಿ, ಮುಂಗಾಲು ಎರಡನ್ನೂ ಗಾಳಿಯಲ್ಲಿ ಚಾಚಿ ಕಾಯುತ್ತದೆ. ನಾವು ಬಿಟ್ಟ ಉಸಿರಿನ ವಾಸನೆ ತಟ್ಟಿದರೆ ಸಾಕು, ಎಚ್ಚರ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ನಾವೇ ಹೋಗಿ ಅದಕ್ಕೆ ತಾಗಬೇಕು.

ಬದುಕಿನಲ್ಲಿ ಮೂರೇ ಊಟ ಅದಕ್ಕೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ಇಲಿ, ಸುಂಡಿಲಿ, ಅಳಿಲು, ನೆಲದ ಹಕ್ಕಿಗಳ ಮೈಗೆ ಹತ್ತಿ ಒಮ್ಮೆ ರಕ್ತ ಕುಡಿದು ಕೆಳಗುರುಳುತ್ತದೆ. ದರಕಿನಡಿ ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗಾಗುತ್ತದೆ. ಇದೇ ಆಪತ್ತಿನ ಹಂತ. ಮಂಗಕ್ಕೂ ಹತ್ತುತ್ತದೆ, ಮುಸಿಯಕ್ಕೂ ಹತ್ತುತ್ತದೆ, ದರಕು ಗುಡಿಸುವ ಕೈಗೂ ಹತ್ತುತ್ತದೆ. ಎರಡನೆಯ ಊಟ ಮುಗಿದರೆ ಮತ್ತೆ ಕೆಳಗೆ, ಮತ್ತೆ ಪೊರೆ. ಮಳೆ ಹಿಡಿದ ಮೇಲೆ ದೊಡ್ಡದಾಗಿ ದನ, ಜಿಂಕೆಯಂಥ ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ. ಹೆಣ್ಣು ಹೊಟ್ಟೆ ತುಂಬಿ ಉದುರಿ, ಒದ್ದೆ ಎಲೆಗಳ ಅಡಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಕಳೆದ ಮೇಲೆ ಮರಿಗಳು. ಕಾರ್ತಿಕ ಕಳೆದ ಮೇಲೆ ಎಳೆಯ ಉಣುಗುಗಳು. ಡಿಸೆಂಬರ್‌ನಿಂದ ಮೇವರೆಗೆ ಜನ ಕಾಯಿಲೆ ಬೀಳುವುದಕ್ಕೆ ಕಾರಣ ಇಷ್ಟೇ: ಎಳೆಯ ಉಣುಗಿನ ಹಂಗಾಮೂ ನಮ್ಮ ದರಕಿನ ಹಂಗಾಮೂ ಒಂದೇ.

ಇಲ್ಲಿ ಮಂಗದ ಪಾತ್ರ ಜನ ಅಂದುಕೊಂಡಂತಲ್ಲ. ಮಂಗ ನಮ್ಮನ್ನು ಕಚ್ಚಿ ಕಾಯಿಲೆ ಕೊಡುವುದಿಲ್ಲ. ನಮ್ಮ ಹಾಗೆಯೇ ಅದೂ ಉಣುಗು ಕಚ್ಚಿಸಿಕೊಂಡು, ಜ್ವರ ಹಿಡಿದು ಸಾಯುವ ಬಡಪಾಯಿ. ಸತ್ತ ಮಂಗದ ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತಲಿನ ತರಗಿನಲ್ಲಿ ಹರಡಿಕೊಳ್ಳುತ್ತವೆ. ಮಂಗ ಬಿದ್ದ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಕೀಟನಾಶಕ ಹಾಕುವುದು ಇದಕ್ಕಾಗಿಯೇ. ಹಾಗಾಗಿ ನಮ್ಮೂರಿನ ಹಿರಿಯರು ಚಳಿಗಾಲದಲ್ಲಿ ಬೆಳಿಗ್ಗೆ ಎದ್ದೊಡನೆ ಕಿವಿಗೊಟ್ಟು ಕೇಳುವುದು ಮುಸಿಯದ ಕೂಗನ್ನು. ಕೂಗು ನಿಂತ ಬೆಟ್ಟಕ್ಕೆ ಹೋಗಬಾರದು. ಯಾವ ಇಲಾಖೆಯ ಸುತ್ತೋಲೆಗಿಂತಲೂ ಮುಂಚೆ ಬರುವ ಸುದ್ದಿ ಅದು.

ದನದ ಪಾತ್ರ ಇನ್ನೂ ಸೂಕ್ಷ್ಮ. ದನಕ್ಕೆ ಈ ಜ್ವರ ಬರುವುದಿಲ್ಲ. ಅದರ ರಕ್ತದಲ್ಲಿ ವೈರಸ್ ಹೆಚ್ಚುವುದೂ ಇಲ್ಲ. ಆದರೆ ದೊಡ್ಡ ಉಣುಗಿಗೆ ಹೊಟ್ಟೆ ತುಂಬ ಊಟ ಹಾಕುವುದು ದನವೇ. ಕೊಲಂಬಿಯಾದಿಂದ ಬಂದು ಸಾಗರದ ಕಾಡುಗಳಲ್ಲಿ ವರ್ಷಗಟ್ಟಲೆ ದುಡಿದ ಹೋರ್ಹೆ ಬೊಷೆಲ್ 1969ರಲ್ಲಿ ಇದನ್ನು ಬಿಡಿಸಿ ಬರೆದರು. ಕಾಡು ಕಡಿದು ಗದ್ದೆ ಮಾಡಿದೆವು, ಗದ್ದೆಯ ಅಂಚಿನಲ್ಲಿ ಲಂಟಾನದ ಪೊದೆ ಬೆಳೆಯಿತು, ಪೊದೆಯಲ್ಲಿ ಇಲಿ, ಅಳಿಲು, ಕಾಡುಕೋಳಿ ತುಂಬಿದವು, ಜನ ಹೆಚ್ಚಿದಂತೆ ದನ ಹೆಚ್ಚಿ ಕಾಡಿಗೆ ಮೇಯಲು ನುಗ್ಗಿದವು. ಉಣುಗಿನ ಮೂರೂ ಊಟ ಒಂದೇ ಕಡೆ ಸಿಕ್ಕಿತು. ಹಿಂದೆ ಎಲ್ಲೋ ಅಪರೂಪಕ್ಕೆ ಇದ್ದ ಉಣುಗು ಬೆಟ್ಟ ತುಂಬಿತು. ವೈರಸ್ ಹೊಸದಲ್ಲ, ಕಾಡಿನ ಅಂಚು ಹೊಸದು ಎಂಬುದು ಅವರ ವಾದದ ತಿರುಳು.

ಸೊರಬದ ಕಾನುಗಳನ್ನು ಬಲ್ಲವರಿಗೆ ಈ ಮಾತು ಕೂಡಲೇ ನಾಟುತ್ತದೆ. ಕಾನು ಎಂದರೆ ದೇವರಿಗೆ ಬಿಟ್ಟ, ಮೆಣಸು-ಬೈನೆ ಬೆಳೆಯುವ, ಹಗಲಲ್ಲೂ ಮಬ್ಬುಗತ್ತಲೆಯ ದಟ್ಟ ಕಾಡು. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ವರದಿ ಬರೆದಿದ್ದರು. ಆಮೇಲಿನ ನೂರು ವರ್ಷದಲ್ಲಿ ಕಾನುಗಳು ತುಂಡು ತುಂಡಾದವು. ಒಂದು ಇಡೀ ಕಾನಿಗಿಂತ ಹತ್ತು ತುಂಡು ಕಾನಿಗೆ ಅಂಚು ಹೆಚ್ಚು. ಜ್ವರ ಇರುವುದು ಅಂಚಿನಲ್ಲಿ. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ-ಪಟ್ರಮೆ ಕಡೆ ಗೇರು ನೆಡುವುದಕ್ಕಾಗಿ ಕಾಡು ಬೋಳಿಸಿದ ಮೇಲೆ ಕಾಯಿಲೆ ಭುಗಿಲೆದ್ದು ನೂರಾರು ಜನರನ್ನು ಕಾಡಿತು. ಬೊಷೆಲ್ ಬರೆದದ್ದನ್ನು ಯಾರಾದರೂ ಓದಿಕೊಂಡಿದ್ದರೆ ಆ ಗೇರು ತೋಟದ ಕಡತಕ್ಕೆ ಸಹಿ ಬೀಳುತ್ತಿತ್ತೇ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಮೊದಲ ಐದು ದಶಕ ಜ್ವರ ಕರ್ನಾಟಕ ಬಿಟ್ಟು ಹೊರಗೆ ಹೆಚ್ಚು ಕಾಣಲಿಲ್ಲ. 2012-13ರಿಂದ ಗಡಿಯಂಚಿನ ಬಂಡೀಪುರ, ವಯನಾಡು, ನೀಲಗಿರಿ, ಆಮೇಲೆ ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಪಶ್ಚಿಮಘಟ್ಟದುದ್ದಕ್ಕೂ ಹೆಸರುಗಳು ಸೇರಿಕೊಂಡವು. 2019ರ ಚಳಿಗಾಲದಲ್ಲಿ ಶರಾವತಿ ಹಿನ್ನೀರಿನ ಅರಳಗೋಡಿನಲ್ಲಿ ಮನೆ ಮನೆಯಲ್ಲಿ ಜ್ವರ, ಸಾವು. ಜ್ವರ ಬಿದ್ದ ನೂರರಲ್ಲಿ ಮೂವರಿಂದ ಐವರು ಸಾಯುತ್ತಾರೆ ಎಂಬ ಲೆಕ್ಕ ಓದಲು ಸಣ್ಣದು. ಹತ್ತು ಮನೆಯ ಮಜರೆಯಲ್ಲಿ ಅದು ಸಣ್ಣದಲ್ಲ.

ಬೆಂಗಳೂರಿನಲ್ಲೇ ಈ ಕುರಿತು ದೊಡ್ಡ ಕೆಲಸ ನಡೆದಿದೆ ಎಂಬುದು ಈ ಊರಿನ ಬಹಳ ಜನರಿಗೆ ಗೊತ್ತಿಲ್ಲ. ಜಕ್ಕೂರು ಬಳಿಯ ಏಟ್ರಿ ಸಂಸ್ಥೆ, ಯಲಹಂಕದ ಕಡೆಯಿರುವ ಪಶುರೋಗ ಸಂಸ್ಥೆ ನಿವೇದಿ, ಬ್ರಿಟನ್ನಿನ ಪರಿಸರ ಸಂಶೋಧಕರು, ಶಿವಮೊಗ್ಗದ ಆರೋಗ್ಯ ಸಿಬ್ಬಂದಿ ಎಲ್ಲ ಸೇರಿ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದೇ ಬಗೆಯ ದಟ್ಟ ಕಾಡಿಗಿಂತ ಕಾಡು, ತೋಟ, ಗದ್ದೆ ಹೆಣೆದುಕೊಂಡಿರುವ, ನಾಟಿ ದನ ಹೆಚ್ಚಿರುವ ಕಡೆ ಕಾಯಿಲೆಯ ಸಂಭವ ಹೆಚ್ಚು ಎಂದು ಅವರ ನಕ್ಷೆ ತೋರಿಸಿತು. ಅದಕ್ಕೂ ಐವತ್ತು ವರ್ಷ ಮೊದಲು ಬೊಷೆಲ್ ಕಾಲ್ನಡಿಗೆಯಲ್ಲಿ ಕಂಡದ್ದಕ್ಕೆ ಉಪಗ್ರಹದ ಚಿತ್ರ ಹೂಂಗುಟ್ಟಿತು.

ಆದರೆ ಉಣುಗು ಹುಡುಕುವ ವಿಧಾನ ಅಂದಿನದೇ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಎಳೆಯುತ್ತ ಹೋಗುವುದು. ಒಂದಷ್ಟು ಹೆಜ್ಜೆಗೊಮ್ಮೆ ಬಟ್ಟೆ ಮಗುಚಿ ನೋಡುವುದು. ಮರಿಗಳು ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಾಣುತ್ತವೆ, ದಿಟ್ಟಿಸಿದರೆ ಪುಡಿ ನಡೆಯುತ್ತದೆ. ಚಿಮುಟದಲ್ಲಿ ಒಂದೊಂದಾಗಿ ಹೆಕ್ಕಿ ಸೀಸೆಗೆ. ಈ ಕೆಲಸಕ್ಕೆ ಸೊಂಟ ಬೇಕು, ತಾಳ್ಮೆ ಬೇಕು, ಮೈಗೆ ಎಣ್ಣೆ ಬೇಕು.

ಎಣ್ಣೆಯ ಮಾತು ಬಂತು. ಉಣುಗು ಹತ್ತದಂತೆ ಮುಂಚೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಗ ಡೆಪಾ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಡುತ್ತಾರೆ. ಕಾಡಿಗೆ ಹೋಗುವ ಮುಂಚೆ ಹಚ್ಚಬೇಕು, ಬಂದ ಮೇಲೆ ಬಿಸಿನೀರಲ್ಲಿ ಮೀಯಬೇಕು, ಬಟ್ಟೆ ಕುದಿಸಬೇಕು. ಲಸಿಕೆಯೂ ಇತ್ತು. 1990ರಿಂದ ಬಳಕೆಯಲ್ಲಿದ್ದ ಆ ಲಸಿಕೆ ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಶೇ 62.4ರಷ್ಟು, ಬೂಸ್ಟರ್ ಸೇರಿದರೆ ಶೇ 82.9ರಷ್ಟು ರಕ್ಷಣೆ ಕೊಡುತ್ತದೆ ಎಂದು 2005ರಿಂದ 2010ರವರೆಗಿನ ಕರ್ನಾಟಕದ ಅಧ್ಯಯನವೊಂದು ಹೇಳಿತ್ತು. ಸೂಜಿ ಹಾಕಿದ ಜಾಗ ವಿಪರೀತ ನೋಯುತ್ತಿತ್ತು, ವರ್ಷ ವರ್ಷ ಹಾಕಿಸಿಕೊಳ್ಳಬೇಕಿತ್ತು, ಜನ ಹಿಂಜರಿದರು. 2022ರಲ್ಲಿ ಅದು ನಿಂತಿತು. ಹೊಸ ಲಸಿಕೆಗೆ ಐಸಿಎಂಆರ್ ಕೈಹಾಕಿದೆ.

ಇವೆಲ್ಲ ಮನುಷ್ಯನ ಮೈಗೆ ಕಟ್ಟುವ ಕೋಟೆ. ಉಣುಗಿಗೇ ಏನಾದರೂ ಮಾಡಲಾಗದೆ? ಇಲ್ಲಿಂದ ದರಕಿನಡಿಯ ಎರಡನೆಯ ಜೀವದ ಕಥೆ. ಅದನ್ನು ಹೇಳಲು ಕನಕಪುರ ರಸ್ತೆಯಲ್ಲಿ ತುಸು ದೂರ ಹೋಗಬೇಕು.

ಬನಶಂಕರಿ ಅಮ್ಮನ ಗುಡಿಯ ಎದುರು ಹಾದುಹೋಗುವ ಈ ರಸ್ತೆಯಲ್ಲಿ ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪದ ತಟ್ಟೆ ಹಿಡಿದವರ ಸಾಲು. ವನದ ಶಂಕರಿಯ ಗುಡಿ ಅದು, ಕಾಡಿನ ತಾಯಿಯದು. ಅಲ್ಲಿಂದ ಮುಂದೆ ಕನಕಪುರ, ಆಚೆ ಪಕ್ಕಕ್ಕೆ ರಾಮನಗರ, ಎರಡೂ ರೇಷ್ಮೆಯ ಸೀಮೆ. ಅಲ್ಲಿಯ ಯಾವ ರೇಷ್ಮೆ ರೈತನನ್ನು ಕೇಳಿದರೂ ಸುಣ್ಣಕಟ್ಟು ರೋಗದ ಹೆಸರು ಹೇಳುತ್ತಾನೆ. ಮಳೆಗಾಲದ ಮತ್ತು ಚಳಿಗಾಲದ ತೇವದಲ್ಲಿ ಚೆನ್ನಾಗಿ ಸೊಪ್ಪು ತಿನ್ನುತ್ತಿದ್ದ ಹುಳು ಮಂಕಾಗುತ್ತದೆ, ಸಾಯುತ್ತದೆ, ಆಮೇಲೆ ಕೊಳೆಯುವ ಬದಲು ಗಟ್ಟಿಯಾಗಿ ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಮುರಿದರೆ ಸೀಮೆಸುಣ್ಣದ ತುಂಡಿನ ಹಾಗೆ ಟಕ್ಕೆಂದು ಮುರಿಯುತ್ತದೆ. ಇಟಲಿಯ ರೇಷ್ಮೆ ಸೀಮೆಯಲ್ಲೂ ಇದನ್ನು ಸುಣ್ಣದ ಹೆಸರಿನಿಂದಲೇ ಕರೆಯುತ್ತಿದ್ದರು. ಲೋದಿ ಎಂಬ ಊರಿನ ಅಗೊಸ್ತಿನೊ ಬಾಸ್ಸಿ ಎರಡು ದಶಕಕ್ಕೂ ಹೆಚ್ಚು ಕಾಲ ಇದರ ಬೆನ್ನು ಹತ್ತಿ, ಆ ಬಿಳಿ ಪುಡಿ ಒಂದು ಜೀವ, ಅದೇ ರೋಗದ ಕಾರಣ, ಅದೇ ಹುಳದಿಂದ ಹುಳಕ್ಕೆ ದಾಟುತ್ತದೆ ಎಂದು 1835ರಲ್ಲಿ ತೋರಿಸಿದ. ಪಾಶ್ಚರ್‌ಗಿಂತ ಮೊದಲು. ಆ ಬೂಷ್ಟಿಗೆ ಅವನದೇ ಹೆಸರು: ಬ್ಯುವೇರಿಯಾ ಬಾಸ್ಸಿಯಾನಾ. 1879ರಲ್ಲಿ ಒಡೆಸ್ಸಾದಲ್ಲಿ ವಿಜ್ಞಾನಿ ಮೆಚ್ನಿಕಾಫ್ ಗೋಧಿಯ ದುಂಬಿಗಳ ಮೇಲೆ ಹಸಿರು ಬೂಷ್ಟೊಂದನ್ನು ಕಂಡರು. ಅದು ಮೆಟಾರೈಜಿಯಂ.

ಬಿಳಿಯದೂ ಹಸಿರಿನದೂ ಉಣುಗನ್ನು ಕೊಲ್ಲುತ್ತವೆ. ಕೊಲ್ಲುವ ಬಗೆ ನೋಡಬೇಕು. ಮನುಷ್ಯನ ಕೂದಲಿನ ದಪ್ಪದ ಹತ್ತರಲ್ಲೊಂದು ಭಾಗವೂ ಇಲ್ಲದ ಬೀಜಕಣ ಉಣುಗಿನ ತೊಗಲಿಗೆ ಅಂಟುತ್ತದೆ. ತೇವ ಸಿಕ್ಕರೆ ಮೊಳಕೆಯೊಡೆಯುತ್ತದೆ. ಮೊಳಕೆಯ ತುದಿ ಗುಂಡಿಯಂತೆ ಉಬ್ಬಿ ತೊಗಲಿಗೆ ಒತ್ತಿಕೊಂಡು, ಅದನ್ನು ಕರಗಿಸುವ ರಸ ಸುರಿಸಿ, ಮೊಳೆ ಹೊಡೆದಂತೆ ಒಳಗಿಳಿಯುತ್ತದೆ. ಉಣುಗಿನ ಬಾಯಿಗೂ ಹೊಟ್ಟೆಗೂ ಹೋಗಬೇಕಾಗಿಲ್ಲ, ಮುಟ್ಟಿದರೆ ಸಾಕು. ಒಳಗೆ ರಸವೆಲ್ಲ ಹೀರಿ ಬೆಳೆದು, ಹುಳ ಸತ್ತ ಮೇಲೆ ಕಾಲಿನ ಸಂದಿಗಳಿಂದ ಹೊರಬಂದು ಮತ್ತೆ ಬೀಜಕಣ ಕಟ್ಟುತ್ತದೆ. ಒಂದು ಸತ್ತ ಉಣುಗು ಲಕ್ಷಗಟ್ಟಲೆ ಕಣಗಳ ಕಣಜ. ಮಳೆಹನಿ ಸಿಡಿದಾಗ ಅವು ಹಾರುತ್ತವೆ, ನೀರಿನೊಂದಿಗೆ ಎಲೆಯ ಸಂದಿಗಿಳಿಯುತ್ತವೆ, ದರಕಿನಲ್ಲಿ ಓಡಾಡುವ ಇರುವೆ, ನುಸಿಗಳ ಮೈಗೆ ಅಂಟಿ ಸಾಗುತ್ತವೆ. ಕಣ ಹತ್ತಿಸಿಕೊಂಡ ಉಣುಗೇ ಸಾಯುವ ಮುಂಚಿನ ದಿನಗಳಲ್ಲಿ ಅವನ್ನು ಹೊತ್ತು ತಿರುಗುತ್ತದೆ, ಜೊತೆಯದಕ್ಕೂ ದಾಟಿಸುತ್ತದೆ.

ಬೂಷ್ಟು ಗಾಳಿ-ಮಳೆಯಲ್ಲಿ ಹರಡುತ್ತದೆ ಎಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಒಂದು ಗೊನೆಗೆ ಕೊಳೆ ಬಂದರೆ ಶ್ರಾವಣದಲ್ಲಿ ತೋಟವೇ ಉದುರುತ್ತದೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದರು; ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಮರ ಹತ್ತಿಸಿದ್ದು ಅವರೇ. ಕೊಳೆಯ ಜೀವಿ ಕಟ್ಟುನಿಟ್ಟಾಗಿ ನೋಡಿದರೆ ಶಿಲೀಂಧ್ರವಲ್ಲ, ಪಾಚಿಗೆ ಹತ್ತಿರದ ಬಳಗ. ಆದರೆ ಹನಿಯಿಂದ ಹನಿಗೆ ಹರಡುವ ದಾರಿ ಅದೇ. ಅಂಥ ಹರಡುವ ಶಕ್ತಿಯಿಂದ ತೋಟ ಕಳೆದುಕೊಂಡ ನಾವು ಅದೇ ಶಕ್ತಿಯನ್ನು ಉಣುಗಿನ ಮೇಲೆ ತಿರುಗಿಸಬಹುದೇ?

ತಿರುಗಿಸಿದವರು ಇದ್ದಾರೆ, ಬೇರೆ ಕೀಟಗಳ ಮೇಲೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಮೆಟಾರೈಜಿಯಂ ಬಳಸುವುದನ್ನು ರೈತರಿಗೆ ಕಲಿಸಿದೆ. ದುಂಬಿ ಮೊಟ್ಟೆಯಿಡುವ ಗೊಬ್ಬರಗುಂಡಿಗೇ ಬೂಷ್ಟು ಬೆರೆಸುವುದು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿಯ ಕಾಯಿಕೊರಕಕ್ಕೆ ಬ್ಯುವೇರಿಯಾ ಸಿಂಪಡಿಸುತ್ತಾರೆ. ಹೆಬ್ಬಾಳದ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಇಂಥ ಬೂಷ್ಟುಗಳನ್ನು ಬೆಳೆಸಿ ಕಾಪಿಡುವ ಕೆಲಸ ಬಹುಕಾಲದಿಂದ ನಡೆದಿದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಲೈಮ್ ಕಾಯಿಲೆಯ ಉಣುಗಿನ ಮೇಲೆ, ನೈರೋಬಿಯ ಇಸಿಪೆ ಸಂಸ್ಥೆಯಲ್ಲಿ ದನದ ಉಣುಗಿನ ಮೇಲೆ ಮೆಟಾರೈಜಿಯಂ ಪ್ರಯೋಗಗಳು ನಡೆದಿವೆ. ಔಷಧಕ್ಕೆ ಬಗ್ಗದ ದನದ ಉಣುಗು ಹೆಚ್ಚುತ್ತಿರುವುದರಿಂದ ಭಾರತದ ಪಶುವೈದ್ಯರೂ ಇದರತ್ತ ನೋಡುತ್ತಿದ್ದಾರೆ. ಮಲೆನಾಡಿನ ಕಾಡಿನಲ್ಲಿ ಮಾತ್ರ ನಮ್ಮ ಕೈಯಲ್ಲಿರುವುದು ಇಂದಿಗೂ ಎಣ್ಣೆ ಮತ್ತು ಮೆಲಾಥಿಯಾನ್.

ಕಾರಣಗಳಿವೆ. ಬೂಷ್ಟಿಗೆ ತೇವ ಬೇಕು. ಬಿರುಬಿಸಿಲು ಅದರ ಕಣವನ್ನು ಗಂಟೆಗಳಲ್ಲಿ ಕೊಲ್ಲುತ್ತದೆ. ಜನ ಸಾಯುವ ಹಂಗಾಮು ಫೆಬ್ರುವರಿ, ಮಾರ್ಚ್. ಆಗ ದರಕು ಹಪ್ಪಳದಂತೆ ಒಣಗಿರುತ್ತದೆ. ಮಂಗ ಸತ್ತ ಜಾಗಕ್ಕೆ ಆಗ ಹೋಗಿ ಬೂಷ್ಟು ಚೆಲ್ಲಿ ಪ್ರಯೋಜನವಿಲ್ಲ. ಆದರೆ ಉಣುಗಿನ ವರ್ಷವನ್ನು ಮತ್ತೊಮ್ಮೆ ನೋಡಿ. ದೊಡ್ಡ ಉಣುಗು ದನದ ಮೇಲಿರುವುದು, ಮೊಟ್ಟೆ ನೆಲದಲ್ಲಿರುವುದು ಮಳೆಗಾಲದಲ್ಲಿ. ಬೂಷ್ಟಿನ ಹಬ್ಬವೂ ಆಗಲೇ. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ಬರುತ್ತದೆ; ಮಂಗನನ್ನು ಹಿಡಿಯಲಾಗದು, ದನವನ್ನು ಹಿಡಿಯಬಹುದು. ಮಳೆಗಾಲದಲ್ಲಿ ಕೊಟ್ಟಿಗೆಯ ದನದ ಮೈಗೆ ಬೂಷ್ಟು ಸವರಿ, ಅದೇ ದನ ಮರುದಿನ ಕಾಡಿನ ಅಂಚಿನಲ್ಲಿ ಉಣುಗು ಉದುರಿಸುವಾಗ ಬೂಷ್ಟನ್ನೂ ಉದುರಿಸಿ ಬರುವಂತಾದರೆ? ಹರಡುವ ಕೆಲಸವನ್ನು ಉಣುಗಿಗೂ ದನಕ್ಕೂ ಬಿಟ್ಟರೆ? ಇದು ನನ್ನ ತರ್ಕ, ನಾನು ವಿಜ್ಞಾನಿಯಲ್ಲ. ಆದರೆ ಜ್ವರ ಬರುವ ಮಾಘದಲ್ಲಿ ಓಡಾಡುವ ನಾವು, ಜ್ವರದ ಬೀಜ ಬೀಳುವ ಆಷಾಢದಲ್ಲಿ ಏನೂ ಮಾಡುವುದಿಲ್ಲವಲ್ಲ ಎಂಬುದು ಬಿಡದೆ ಕಾಡುವ ಪ್ರಶ್ನೆ. ಇದನ್ನು ಯಾರಾದರೂ ಒಂದು ಹಳ್ಳಿಯಲ್ಲಿ, ನಾಲ್ಕು ಮಳೆಗಾಲ, ಬಿಳಿ ಬಟ್ಟೆ ಎಳೆದು ಎಣಿಸಿ ನೋಡಲಿ ಎಂದು ಕೈಮುಗಿದು ಕೇಳುತ್ತೇನೆ.

ಎಚ್ಚರವೂ ಬೇಕು. ಉಣುಗು ಕೊಲ್ಲುವ ಬ್ಯುವೇರಿಯಾವೇ ರೇಷ್ಮೆಹುಳದ ಸುಣ್ಣಕಟ್ಟು. ಬಿಟಿಎಂ ಲೇಔಟಿನ ಸಿಲ್ಕ್ ಬೋರ್ಡ್ ಕಟ್ಟಡವನ್ನು ದಿನಾ ಸಾವಿರಾರು ಜನ ಟ್ರಾಫಿಕ್ಕಿನಲ್ಲಿ ನಿಂತು ನೋಡುತ್ತಾರೆ. ಆ ಮಂಡಳಿಯನ್ನು ನೆಚ್ಚಿಕೊಂಡ ರೈತನಿಗೆ ಈ ಬಿಳಿ ಪುಡಿ ವೈರಿ. ಕನಕಪುರದ ಹಿಪ್ಪುನೇರಳೆ ತೋಟದ ಪಕ್ಕ ಎಸೆಯಬಾರದ್ದನ್ನು ಸೊರಬದಲ್ಲಿ ಎಸೆಯಬಹುದೇನೋ. ಅಲ್ಲಿಯೂ ತುಡುವೆ ಜೇನಿದೆ, ಹೆಸರೇ ಇಲ್ಲದ ಎಷ್ಟೋ ಹುಳಗಳಿವೆ. ತೋಟಕ್ಕೆ ಹೊಡೆದ ಮೈಲುತುತ್ತ ಬೆಟ್ಟದ ಒಳ್ಳೆಯ ಬೂಷ್ಟನ್ನೂ ಸಾಯಿಸುತ್ತದೆಯೇ ಎಂದೂ ನೋಡಬೇಕು. ಹೊರಗಿನ ತಳಿ ತರುವುದಕ್ಕಿಂತ ಆಯಾ ಕಾನಿನ ದರಕಿನಲ್ಲೇ ಇರುವ ಬೂಷ್ಟನ್ನು ಹುಡುಕಿ ಬೆಳೆಸುವುದು ಮೇಲು ಎಂದು ನನಗನ್ನಿಸುತ್ತದೆ. ಅದಕ್ಕೆ ಕಾನು ಉಳಿದಿರಬೇಕು.

ತುರಹಳ್ಳಿಯ ಮಾತಿಗೂ ಇದು ಸಲ್ಲುತ್ತದೆ. ಬನಶಂಕರಿ ಆರನೇ ಹಂತದ ಸೈಟುಗಳ ಬೇಲಿಗೆ ತಾಗಿದ ಸುಮಾರು 600 ಎಕರೆಯ ಕುರುಚಲು ಕಾಡು ಅದು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತಾರೆಂದಾಗ ಸುತ್ತಲಿನ ಜನ ಬೀದಿಗಿಳಿದು ತಡೆದರು. ಗುಡಿಸಿ, ಕಲ್ಲು ಹಾಸಿ, ಚೊಕ್ಕ ಮಾಡಿದ ಕಾಡಿನಲ್ಲಿ ದರಕು ಇರುವುದಿಲ್ಲ. ದರಕಿಲ್ಲದ ಕಡೆ ಬೂಷ್ಟೂ ಇರುವುದಿಲ್ಲ.

ನನ್ನ ಬಾಟಲಿಯ ಉಣುಗು ಹನ್ನೊಂದು ದಿನ ಬದುಕಿತ್ತು. ಸತ್ತ ಐದನೆಯ ದಿನ ಭೂತಗನ್ನಡಿ ಹಿಡಿದು ನೋಡಿದೆ. ಹಿಂಗಾಲಿನ ಸಂದಿಯಲ್ಲಿ, ಹೊಟ್ಟೆಯ ಅಂಚಿನಲ್ಲಿ ಹತ್ತಿಯ ಎಳೆಯಂಥದ್ದು. ಮೊದಲು ಹತ್ತಿಯೇ ಅಂಟಿದೆ ಎಂದುಕೊಂಡೆ. ಏಳನೆಯ ದಿನಕ್ಕೆ ಎಳೆಗಳ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಇದು ಉಣುಗನ್ನು ಕೊಂದ ಬೂಷ್ಟೋ, ಸತ್ತ ಮೇಲೆ ಬಂದ ಬೂಷ್ಟೋ ನೋಡಿ ಹೇಳಲಾಗದು. ಹಳಸಿದ ರೊಟ್ಟಿಯ ಮೇಲೂ ಬಿಳಿ ಬೂಷ್ಟು ಬರುತ್ತದೆ. ಬೇರೆ ಉಣುಗಿಗೆ ಹತ್ತಿಸಿ, ಅದು ಸತ್ತು, ಅದರಿಂದಲೂ ಇದೇ ಹೊರಟರೆ ಆಗ ಹೇಳಬಹುದು. ಬಾಸ್ಸಿ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಬಾಟಲಿಯ ಮುಚ್ಚಳ ಬಿಗಿದು, ಮೇಲೆ ತಾರೀಖು ಬರೆದು ಇಟ್ಟಿದ್ದೇನೆ. ಗೊತ್ತಿದ್ದವರ ಕೈಗೆ ಮುಟ್ಟಿಸಬೇಕು.

ಈಗ ಪುಷ್ಯ ಮಾಸ. ಊರಿನಲ್ಲಿ ಎಲೆ ಉದುರಲು ಶುರುವಾಗಿದೆ. ಅಮ್ಮ ಈಗ ಬೆಟ್ಟಕ್ಕೆ ಹೋಗುವುದಿಲ್ಲ, ಮಂಡಿ ಕೇಳುವುದಿಲ್ಲ. ಆದರೆ ಕೆಲಸಕ್ಕೆ ಬರುವ ಹೆಂಗಸರಿಗೆ ಬಾಗಿಲಲ್ಲೇ ಡೆಪಾ ಬಾಟಲಿ ಕೊಟ್ಟು, ಹಚ್ಚಿಕೊಂಡ ಮೇಲಷ್ಟೇ ಬಿಡುತ್ತಾಳೆ. ಮೊನ್ನೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದ್ದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಎಂದು ಅಮ್ಮಾ, ಅಮ್ಮಾ ಎಂದೆ.

"ಇರು ತಮಾ, ಮುಸಿಯ ಕೂಗ್ತಾ ಇದ್ದು" ಎಂದಳು.